ಪೊರಕೆ ಒದೆಯುವುದಿಲ್ಲ

ಬ್ಯಾಂಕ್ ಕಾವಲುಗಾರರ ತರಬೇತಿ ಶಿಬಿರ, ಹೆಂಗಸರ ಕೋಣೆ
ಬುಧವಾರ ಸಂಜೆ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ಮಾತ್ರೆಯನ್ನು ಕಿಟಕಿಯಿಂದ ಎಸೆಯುತ್ತೀರಿ ಅಂತ ನಾನು ಹೊರಡುವ ಮುಂಚೆಯೇ ಅವಳು ದೂರು ಹೇಳಿದ್ದಳು. ಇಲ್ಲಿ ನಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರೆ, ಅದಕ್ಕೇ ಈ ಕಾಗದ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಗಾಬರಿಯಾಗಬೇಡಿ; ಬಲಭುಜ ಸ್ವಲ್ಪ ಮುನಿಸಿಕೊಂಡಿದೆ.

ನಿನ್ನೆ ಮೊದಲ ಸಲ ಗುಂಡು ಹಾರಿಸಿದೆ. ನಡುಮನೆಯಲ್ಲಿ ಬಂದೂಕು ಅಂತ ಕೈಗೆ ಪೊರಕೆ ಕೊಟ್ಟು, ಬ್ಯಾಂಕಿನ ಹಿಂಬಾಗಿಲಿಗೆ ಬಂದ ಕಳ್ಳರ ಕಥೆ ಹೇಳುತ್ತಾ ನೀವು ಕಲಿಸಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. "ಭುಜಕ್ಕೆ ಹೂವಿನ ಹಾಗೆ ತಾಗಿಸು ಗುಬ್ಬಿ, ಒತ್ತಬೇಡ, ನೋವಾಗುತ್ತೆ" ಅನ್ನುತ್ತಿದ್ದಿರಲ್ಲ, ಹಾಗೇ ತಾಗಿಸಿದೆ. ಟ್ರಿಗರ್ ಎಳೆದದ್ದಷ್ಟೇ ಗೊತ್ತು. ಬಂದೂಕು ಒದ್ದ ಒದೆತಕ್ಕೆ ಹಿಂದಕ್ಕೆ ತೂರಾಡಿ ಕೆಸರಲ್ಲಿ ಕೂತಿದ್ದೆ, ಕಿವಿ ಗುಂಯ್ ಅನ್ನುತ್ತಿತ್ತು. ಕಲಿಸುವ ಮೇಷ್ಟ್ರು ಓಡಿ ಬಂದು ಮೊದಲು ಬಂದೂಕು ತೆಗೆದುಕೊಂಡರು, ಆಮೇಲೆ ನನ್ನನ್ನು ಎತ್ತಿದರು. "ಭುಜದ ಗುಳಿಯೊಳಕ್ಕೆ ಗಟ್ಟಿಯಾಗಿ ಒತ್ಕೋಬೇಕಮ್ಮಾ, ಸಡಿಲ ಬಿಟ್ರೆ ಜೋರಾಗಿ ಒದೆಯುತ್ತೆ. ಒಂದೇ ಒಂದು ಸಲ ಗುಂಡು ಹೊಡೆದವರೂ ಹೀಗೆ ಹಿಡಿಯಲ್ಲ. ಯಾರು ಹೇಳಿಕೊಟ್ಟಿದ್ದು ನಿಂಗೆ?" ಅಂದರು. ಟಿವಿ ನೋಡಿ ಕಲಿತೆ ಸಾರ್ ಎಂದುಬಿಟ್ಟೆ. ಹಿಂದೆಲ್ಲ ಈ ತರಬೇತಿಯೇ ಇರಲಿಲ್ಲವಂತೆ, ಮೀಸೆ ನೋಡಿ ಬಂದೂಕು ಕೊಡುತ್ತಿದ್ದರಂತೆ.

ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿದೆ, ಅದು ಇಳಿಯುತ್ತೆ. ಹೆದರಿಕೆ ಇಳಿಯುತ್ತಿಲ್ಲ ಅಪ್ಪಾ. ಈಗ ಸರಿಯಾಗಿ ಒತ್ತಿ ಹಿಡಿದರೂ, ಗುಂಡು ಹಾರುವ ಮೊದಲೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೈ ಜಗ್ಗುತ್ತದೆ. ಇವತ್ತು ಹೊಡೆದವೆಲ್ಲ ಮಣ್ಣಿನ ದಿಬ್ಬಕ್ಕೆ ಹೋದವು. ಪಕ್ಕದ ಮಂಚದವಳು "ಪಾಪ, ಆ ದಿಬ್ಬ ನಿಂಗೇನೇ ಮಾಡಿತ್ತು?" ಅಂತ ಬಿದ್ದು ಬಿದ್ದು ನಕ್ಕಳು. ಮೇಷ್ಟ್ರು ಗುಂಡು ಹಾಕದ ಬಂದೂಕು ಕೊಟ್ಟು ಅಭ್ಯಾಸ ಮಾಡಿಸಿದರು. ಖಾಲಿ ಬಂದೂಕಿಗೂ ಕಣ್ಣು ಮುಚ್ಚಿದೆ. ನಾಳೆ ಬೆಳಿಗ್ಗೆ ಪರೀಕ್ಷೆ. ಗುರಿಹಲಗೆಗೆ ತಾಗದಿದ್ದರೆ ಮನೆಗೆ ಕಳಿಸುತ್ತಾರೆ. ನೀವು ನಿಂತ ಬ್ಯಾಂಕಿನ ಬಾಗಿಲಲ್ಲಿ ಬೇರೆ ಯಾರೋ ನಿಲ್ಲುತ್ತಾರೆ.

ಅಕ್ಕನನ್ನೂ ಭಾವನನ್ನೂ ಕೇಳಿದೆ ಅಂತ ಹೇಳಿ. ನಿಮ್ಮ ಕೈ ನನ್ನ ತಲೆಯ ಮೇಲಿದೆ ಅಂದುಕೊಂಡೇ ನಾಳೆ ನಿಲ್ಲುತ್ತೇನೆ.

ನಿಮ್ಮ
ಗುಬ್ಬಿ

ತಾ.ಕ.: ಟಪಾಲು ಒಯ್ಯುವವನು ಬಾಗಿಲಲ್ಲೇ ನಿಂತಿದ್ದಾನೆ. ಒಂದೇ ಗುಂಡಿಗೆ ಮೂವರು ಕಳ್ಳರನ್ನು ಓಡಿಸಿದ ಆ ಕಥೆ, ಹೇಳಿದಾಗಲೆಲ್ಲ ಒಬ್ಬ ಕಳ್ಳ ಹೆಚ್ಚಾಗುತ್ತಿದ್ದನಲ್ಲ, ಅದನ್ನು ಅಕ್ಕನ ಮಕ್ಕಳಿಗೆ ಹೇಳುತ್ತಲೇ ಇರಿ. ನಾನು ಬಾಯಿ ಬಿಡುವುದಿಲ್ಲ. ನನಗೊಬ್ಬಳಿಗೆ ನಿಜ ಬರೆಯಿರಿ: ಅಷ್ಟು ವರ್ಷ ಬಂದೂಕು ಹೊತ್ತು ನಿಂತು, ಒಂದು ಸಲವೂ ಹಾರಿಸದೆ ದಿನಾ ಸಂಜೆ ಮನೆಗೆ ಬಂದಿರಲ್ಲ, ಅದು ಹೇಗೆ? ಹೊಡೆಯುವುದನ್ನು ಮೇಷ್ಟ್ರು ಕಲಿಸುತ್ತಾರೆ. ಆ ಬಾಗಿಲಲ್ಲಿ ನಿಂತರೆ ನನಗೆ ನಿಮ್ಮ ವಿದ್ಯೆಯೇ ಬೇಕು.