ಮಹಡಿಯಮ್ಮ ಇಲ್ಲದ ಸಂಪೂರ್ಣ ಸಂಪುಟ

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ ನಮಸ್ಕಾರ.

ಮೊದಲು ‘ಪ್ರೀತಿಯ ಅಕ್ಕ’ ಎಂದೇ ಬರೆದಿದ್ದೆ. ಆಮೇಲೆ ‘ಪ್ರೀತಿಯ’ ಎಂಬುದನ್ನು ಹೊಡೆದು ಹಾಕಿದೆ. ಕಾಗದದ ಮೇಲೆ ಅದರ ಗುರುತು ಕಾಣುತ್ತದೆ, ಕಾಣಲಿ. ಕತ್ತರಿ ಆಡಿಸುವುದು ನಿನಗೊಬ್ಬಳಿಗೇ ಬರುತ್ತದೆಂದು ತಿಳಿಯಬೇಡ.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ‘ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೇ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀಯ. ಭಾವ ತೀರಿಹೋದ ಮೇಲಿಂದ ನಿನ್ನ ಒಲೆಯ ಮೇಲೆ ಹಾಲು ಉಕ್ಕುತ್ತಲೇ ಇದೆ. ಕಾಗದವಾದರೆ ಪೂರ್ತಿ ಓದಲೇಬೇಕು.

ಭಾವ ಬರೆದು ನಿರ್ದೇಶಿಸಿದ ನಗೆ ಧಾರಾವಾಹಿಯದು, ನೀನು ಹೊರತಂದ ಡಿವಿಡಿ ಪೆಟ್ಟಿಗೆ ಕೊಂಡೆ. ನೀನು ಒಂದು ಕಳಿಸುತ್ತೀಯೆಂದು ಕಾದು ಕಾದು, ಕಡೆಗೆ ಅಂಗಡಿಗೆ ಹೋಗಿ ಎಲ್ಲರ ಹಾಗೆ ನಾನೂ ದುಡ್ಡು ಕೊಟ್ಟೆ. ಮುಚ್ಚಳದ ಮೇಲೆ ಆ ಸಂಸಾರವೆಲ್ಲ ಸೋಫಾದಲ್ಲಿ ಒತ್ತಿಕೊಂಡು ಕೂತಿದೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಸಂಪೂರ್ಣ ಸಂಪುಟ’ ಎಂದಿದೆ. ಆ ಪದ ಅಚ್ಚು ಮಾಡಿಸುವಾಗ ನಿನಗೆ ನಗು ಬಂದಿರಬೇಕು.

ಈ ಕಟ್ಟಡಕ್ಕೆ ಬಂದ ಮೊದಲ ವಾರವೇ ನಾನು ಎಲ್ಲರಿಗೂ ಹೇಳಿಕೊಂಡಿದ್ದೆ, ಆ ಕಾಲದಲ್ಲಿ ಮನೆಮಾತಾಗಿದ್ದ ಮಹಡಿಯಮ್ಮನ ಪಾತ್ರ ಮಾಡಿದವಳು ನಾನೇ ಎಂದು. ಜಂಬ ಎನ್ನು, ಒಪ್ಪುತ್ತೇನೆ. ಪೆಟ್ಟಿಗೆ ಬಂದ ಸಂಭ್ರಮಕ್ಕೆ ಕೆಳಮನೆಯ ದರ್ಜಿಯನ್ನೂ ಎದುರು ಮನೆಯ ನರ್ಸನ್ನೂ ಅವಳ ಅತ್ತೆಯನ್ನೂ ಕರೆದೆ. ಚಹಾ ಮಾಡಿದೆ. ಕುರ್ಚಿ ಸಾಲದೆ ಮಂಚವನ್ನೇ ಟಿವಿಯ ಮುಂದಕ್ಕೆ ಎಳೆದೆ.

ನಿನಗೆ ನೆನಪಿರಬೇಕು, ಪ್ರತಿ ಕಂತೂ ಶುರುವಾಗುತ್ತಿದ್ದದ್ದೇ ನನ್ನಿಂದ. ಮಹಡಿಯಮ್ಮ ಇಳಿದು ಬಂದು ಬಾಗಿಲು ತಟ್ಟುತ್ತಾಳೆ. ಸಕ್ಕರೆಯೋ ಇಸ್ತ್ರಿಪೆಟ್ಟಿಗೆಯೋ ಕೇಳಲು ಬಂದವಳು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಅದೊಂದನ್ನು ಬಿಟ್ಟು ಊರ ಮಾತನ್ನೆಲ್ಲ ಆಡುತ್ತಾಳೆ. ಹೊರಡುವಾಗ ಆ ಮನೆಯವರ ಚಿಲಕ ಅಲ್ಲಾಡಿಸಿ, ‘ಸರಿಯಾಗಿ ಬಿತ್ತಾ?’ ಎನ್ನುತ್ತಾಳೆ. ಹೋಗಿ, ತಿರುಗಿ ಬಂದು ಮತ್ತೆ ಅಲ್ಲಾಡಿಸುತ್ತಾಳೆ. ಮೂರನೆಯ ಸಲಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಸ್ಟುಡಿಯೋದಲ್ಲಿ ಕೂತ ಜನ ನಾನು ಕಾಣಿಸಿಕೊಳ್ಳುವ ಮೊದಲೇ ಬಿದ್ದು ಬಿದ್ದು ನಗುತ್ತಿದ್ದರು.

ಡಿಸ್ಕಿನಲ್ಲಿ ಹಾಡು ಮುಗಿಯಿತು, ನೇರ ಸೋಫಾ ಬಂತು. ನಾನಿಲ್ಲ. ಎರಡನೆಯ ಕಂತಿನಲ್ಲೂ ಇಲ್ಲ. ನರ್ಸಿನ ಅತ್ತೆ ಪ್ರತಿ ಸಲ ಬಾಗಿಲು ತೆರೆದಾಗಲೂ ‘ಈಗ ಬರ್ತೀರಾ?’ ಎಂದು ಕೇಳುತ್ತಿದ್ದರು. ಕೊನೆಯಲ್ಲಿ ಹೆಸರುಗಳು ಉರುಳುವಾಗ ಮಾತ್ರ ನನ್ನ ಹೆಸರು ಬಂತು. ‘ಹೆಸರಿದೆ ನೋಡಿ’ ಎಂದರು ಆಕೆ, ಮಗುವಿಗೆ ಬೆಲ್ಲ ಕೊಟ್ಟು ಸಮಾಧಾನ ಮಾಡುವ ಧ್ವನಿಯಲ್ಲಿ. ದರ್ಜಿ ತಾನೇ ಎದ್ದು ಲೋಟಗಳನ್ನು ಎತ್ತಿಟ್ಟು, ‘ಬಿಡಿ ಮೇಡಂ, ಹಳೇ ಟೇಪು, ಹಾಳಾಗಿರುತ್ತೆ’ ಎಂದ. ನನ್ನ ಮುಖ ಉಳಿಸಲು ಹಾಗೆಂದ. ಈಗ ಮೆಟ್ಟಿಲಲ್ಲಿ ಸಿಕ್ಕರೆ ಅವರೆಲ್ಲ ಧಾರಾವಾಹಿಯ ಸುದ್ದಿಯನ್ನೇ ಎತ್ತುವುದಿಲ್ಲ. ನಾನು ಸುಳ್ಳಿಯೆಂದು ಅವರು ತೀರ್ಮಾನಿಸಿಯಾಗಿದೆ.

ಆದರೂ ನಿನ್ನನ್ನು ಬಿಟ್ಟುಕೊಡಲಿಲ್ಲ ಕಣೇ. ಮರುಪ್ರಸಾರದಲ್ಲಿ ಜಾಹೀರಾತಿಗೆ ಜಾಗ ಮಾಡಲು ಪ್ರತಿ ಕಂತಿನಲ್ಲೂ ಮೂರ್ನಾಲ್ಕು ನಿಮಿಷ ಹಾರಿಸುತ್ತಿದ್ದರಲ್ಲ, ಕಥೆ ಕೆಡದ ಹಾಗೆ ತೆಗೆಯಬೇಕೆಂದರೆ ಮೊದಲ ಏಟು ನನಗೇ ಬೀಳುತ್ತಿತ್ತು. ಆ ಮೋಟು ಪ್ರತಿಯನ್ನೇ ಡಿಸ್ಕಿಗೆ ಹಾಕಿದ್ದಾರೆ, ಪಾಪ, ಅಕ್ಕನಿಗೇನು ಗೊತ್ತು ಎಂದುಕೊಂಡೆ. ಅಷ್ಟರಲ್ಲಿ ಆ ಸೋಫಾ ಸಂಸಾರದ ಯಜಮಾನರು ಬಟ್ಟೆಯ ಬೀರುವಿನಲ್ಲಿ ನಿದ್ದೆಹೋಗುವ ದೃಶ್ಯ ಬಂತು. ಅದು ಮೊದಲ ಪ್ರಸಾರದಲ್ಲಿ ಬಿಟ್ಟರೆ ಇನ್ನೆಂದೂ ಬಂದಿಲ್ಲ. ಅಂದರೆ ಪೂರ್ತಿ ಟೇಪುಗಳು ನಿನ್ನ ಹತ್ತಿರ ಇವೆ. ಆಮೇಲೆ ಕಿವಿಗೊಟ್ಟು ಕೇಳಿದೆ. ಸೋಫಾದ ದೃಶ್ಯ ಶುರುವಾಗುವಾಗ ಯಾರೂ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಆದರೆ ಜನ ನಗುತ್ತಿರುತ್ತಾರೆ. ಅದು ನಾನು ಗಳಿಸಿದ ನಗು. ಅದರ ಬಾಲ ಅಲ್ಲಿ ಉಳಿದುಹೋಗಿದೆ.

ಸಂಕಲನ ಮಾಡಿದ ನಮ್ಮ ಹಳೆಯ ‘ಕತ್ತರಿ’ಗೆ ಫೋನು ಮಾಡಿದೆ. ತೇವ, ಬೂಷ್ಟು ಅಂತೆಲ್ಲ ಕಾಗೆ ಹಾರಿಸಿದ. ಬಿಡಲಿಲ್ಲ. ಕಡೆಗೆ, ‘ಅಮ್ಮ, ಅದೇ ನಿಮ್ಮಕ್ಕ, ಪಕ್ಕದಲ್ಲೇ ಕೂತ್ಕೊಂಡು ಇದು ತೆಗಿ, ಇದು ತೆಗಿ ಅಂದ್ರು. ನಾನೇನ್ ಮಾಡ್ಲಿ ಹೇಳಿ’ ಎಂದ.

ಯಾಕೆಂದು ನನಗೆ ಗೊತ್ತು. ಭಾವನ ಬಗ್ಗೆ, ನನ್ನ ಬಗ್ಗೆ ಆ ಕಾಲದಲ್ಲಿ ಯಾರೋ ನಿನ್ನ ಕಿವಿ ಕಚ್ಚಿರಬೇಕು. ಒಂದು ಸಲ ನನ್ನನ್ನೇ ಕೇಳಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ, ಅವರು ನನ್ನನ್ನು ಸ್ವಂತ ತಂಗಿಯಂತೆ ನೋಡಿಕೊಂಡರು. ಇಲ್ಲದ ಪಾಪಕ್ಕೆ ಶಿಕ್ಷೆ ಕೊಟ್ಟೆ. ನಾನು ಈ ಬದುಕಿನಲ್ಲಿ ಚೆನ್ನಾಗಿ ಮಾಡಿದ ಕೆಲಸ ಮಹಡಿಯಮ್ಮನ ಪಾತ್ರವೊಂದೇ ಅಕ್ಕ. ಬೇರೆ ಏನು ಮಾಡಿದೆನೆಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಎರಡನೆಯ ಸಲ ಅಚ್ಚು ಹಾಕಿಸುತ್ತಿದ್ದೀಯೆಂದು ಕತ್ತರಿ ಹೇಳಿದ. ಅದರಲ್ಲಿ ನನ್ನನ್ನು ನನ್ನ ಜಾಗಕ್ಕೆ ಸೇರಿಸು. ಇಲ್ಲವಾದರೆ ಪತ್ರಿಕೆಯವರ ಮುಂದೆ ಕೂತು ಎಲ್ಲ ಹೇಳುತ್ತೇನೆ. ನನಗೂ ಇನ್ನು ಮುಚ್ಚಿಡುವ ಮಾನ ಉಳಿದಿಲ್ಲ.

ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಮಹಡಿಯಮ್ಮನ ಆ ಕಂದು ಸ್ವೆಟರ್ ಇನ್ನೂ ನನ್ನ ಹತ್ತಿರವೇ ಇದೆ. ಚಿತ್ರೀಕರಣದ ಕೊನೆಯ ದಿನ ಭಾವ ನೆನಪಿಗೆಂದು ಕೊಟ್ಟರು. ಮೈ ಸರಿಯಿಲ್ಲದ ದಿನ ಹಾಕಿಕೊಳ್ಳುತ್ತೇನೆ.


ಗುರುವಾರ, ಬೆಳಿಗ್ಗೆ

ಗುಬ್ಬಿಗೆ,

ನಿನ್ನ ಕಾಗದ ಬಂತು. ಒಲೆಯ ಮೇಲೆ ಹಾಲಿರಲಿಲ್ಲ, ಪೂರ್ತಿ ಓದಿದೆ. ‘ಪ್ರೀತಿಯ’ ಎಂದು ನಾನು ಬರೆಯಲೇ ಇಲ್ಲ, ಹಾಗಾಗಿ ಹೊಡೆದು ಹಾಕುವ ಕೆಲಸವೂ ಇಲ್ಲ.

ನಿನ್ನ ಭಾವನ ಮೇಲೆ ನೀನು ಕಣ್ಣು ಹಾಕಿದ್ದರೆ ನಾನು ಇಷ್ಟು ಸಂಕಟಪಡುತ್ತಿರಲಿಲ್ಲ. ಅದು ಲೋಕದಲ್ಲಿ ನಡೆಯುವ ಮಾತು, ಅದಕ್ಕೆ ಬೈಗುಳವಿದೆ, ಜಗಳವಿದೆ, ನಾಲ್ಕು ಜನ ಕೂತು ಮಾಡುವ ಪಂಚಾಯಿತಿಯೂ ಇದೆ. ನೀವಿಬ್ಬರೂ ಸೇರಿ ನನಗೆ ಮಾಡಿದ್ದಕ್ಕೆ ಯಾರ ಮುಂದೆ ಏನೆಂದು ದೂರು ಕೊಡಲಿ?

ಆ ಸ್ವೆಟರ್ ನನ್ನದು. ಎಡ ಮೊಣಕೈ ನೋಡು, ಕಪ್ಪು ನೂಲಿನಿಂದ ಹೊಲಿದಿದೆ. ಕಂದು ನೂಲು ಮುಗಿದುಹೋಗಿತ್ತು. ಅದು ಕಾಣೆಯಾಯಿತೆಂದು ಆ ಚಳಿಗಾಲದಲ್ಲಿ ಇಡೀ ಮನೆ ತಡಕಾಡಿದೆ. ನಿನ್ನ ಭಾವನೂ ನನ್ನ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕಿದರು. ‘ಎಲ್ಲಾದ್ರೂ ಮರೆತು ಬಂದಿರ್ತೀಯ, ನಿನ್ನ ಬುದ್ಧಿ ಗೊತ್ತಲ್ಲ’ ಎಂದರು. ಮುಂದಿನ ವಾರ ಚಿತ್ರೀಕರಣಕ್ಕೆ ಕರೆದುಕೊಂಡು ಹೋಗಿ ಎಂದಿನಂತೆ ಮುಂದಿನ ಸಾಲಿನಲ್ಲಿ ಕೂರಿಸಿದರು. ಬಾಗಿಲು ತೆರೆಯಿತು, ನನ್ನ ಸ್ವೆಟರ್ ಒಳಗೆ ಬಂತು.

ಅದಕ್ಕೆ ಮುಂಚಿನ ಕಂತುಗಳಲ್ಲೆಲ್ಲ ನಾನೂ ಎಲ್ಲರ ಜೊತೆ ನಕ್ಕಿದ್ದೆ. ತನ್ನ ನಡಿಗೆ ಹೇಗಿದೆಯೆಂದು ಯಾರಿಗೆ ಗೊತ್ತಿರುತ್ತದೆ? ಸ್ವೆಟರ್ ನೋಡಿದ ಮೇಲೆ ಒಂದೊಂದೇ ಕಾಣತೊಡಗಿತು. ಮೂಗಿನ ತುದಿಯ ಕನ್ನಡಕ ನನ್ನದು. ಹೇಳಬೇಕಾದ್ದನ್ನು ಬಿಟ್ಟು ಬೇರೆಲ್ಲ ಹೇಳುವ ಬಾಯಿ ನನ್ನದು. ಹಿಂದಿನ ಸಾಲಿನ ಹೆಂಗಸರು ನಿನ್ನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ನಿನ್ನನ್ನು ನೋಡಿದರು. ಅಳುವ ಹಾಗಿರಲಿಲ್ಲ, ಎದ್ದು ಹೋಗುವ ಹಾಗೂ ಇರಲಿಲ್ಲ. ಅದಕ್ಕೆ ನಕ್ಕೆ. ಧಾರಾವಾಹಿ ಮುಗಿಯುವವರೆಗೂ ವಾರ ವಾರ ಹೋಗಿ ನಕ್ಕೆ. ನೀನು ಗಳಿಸಿದೆ ಎನ್ನುವ ಆ ನಗುವಿನಲ್ಲಿ ನನ್ನದೂ ಇದೆ, ಇನ್ನೊಮ್ಮೆ ಕಿವಿಗೊಟ್ಟು ಕೇಳು.

ಮನೆಗೆ ಬಂದು ಕೇಳಿದ್ದಕ್ಕೆ ನಿನ್ನ ಭಾವ, ‘ತಮಾಷೆ ಕಣೇ, ನಿನ್ನನ್ನ ಯಾರು ಗುರುತು ಹಿಡೀತಾರೆ’ ಎಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಲ್ಲರೂ ಗುರುತು ಹಿಡಿದರು. ಮನೆಗೆ ಬಂದ ಅತಿಥಿಗಳು ನಾನು ಬಾಗಿಲು ಹಾಕುವುದನ್ನೇ ಕಾಯುತ್ತಿದ್ದರು. ನಾನು ಎರಡನೆಯ ಸಲ ಎದ್ದರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ಆಮೇಲಾಮೇಲೆ ಚಿಲಕ ನೋಡುವುದನ್ನೇ ಬಿಟ್ಟೆ. ಬಿಟ್ಟೆ ಎಂದರೆ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತಿದ್ದೆ. ಎದೆ ಹೊಡೆದುಕೊಳ್ಳುವುದು ಮಾತ್ರ ಬಿಡಲಿಲ್ಲ.

ಚಿಲಕದ ಕಥೆ ನಿನಗೆ ಯಾರೂ ಹೇಳಿಲ್ಲ. ಮಗುವಿಗೆ ಹೇಳಬೇಡ ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಈಗ ನೀನು ಮಗುವಲ್ಲ.

ಬಸ್ಸುಗಳು ತಿರುಗುವ ರಸ್ತೆಗೆ ಅಂಟಿಕೊಂಡಂತೆ ನಮ್ಮದೊಂದು ಬಾಡಿಗೆ ಕೋಣೆಯಿತ್ತು. ನೀನು ಆಗಷ್ಟೇ ಓಡಲು ಕಲಿತಿದ್ದೆ. ಬಾಗಿಲ ಚಿಲಕ ಸವೆದು ಹೋಗಿತ್ತು, ಹಾಕಿದರೂ ತಾನೇ ಜಾರುತ್ತಿತ್ತು. ಬದಲಾಯಿಸುತ್ತೇನೆ ಬದಲಾಯಿಸುತ್ತೇನೆ ಎಂದು ಅಪ್ಪ ಹೇಳುತ್ತಲೇ ಇದ್ದರು. ಒಂದು ಮಧ್ಯಾಹ್ನ ಅಮ್ಮ ಕೆಲಸಕ್ಕೆ ಹೋಗಿದ್ದಳು. ನಾನು ಚಿಲಕ ಹಾಕಿ, ಹಿಂದೆ ನಿನ್ನ ಹಾಲಿನ ಲೋಟ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲು ಹಾರು ಹೊಡೆದಿದೆ, ನೀನಿಲ್ಲ. ಬೀದಿಯ ಎರಡೂ ಕಡೆ ಕೂಗಿಕೊಂಡು ಓಡಿದೆ. ಬಹಳ ಹೊತ್ತಾದ ಮೇಲೆ ಒಬ್ಬ ಬಸ್ ಕಂಡಕ್ಟರ್ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ‘ಮಗು ಬಸ್ಸಿನ ಗಾಲಿ ಮುಂದೇನೇ ನಿಂತಿತ್ತು’ ಎಂದ. ನಿನ್ನ ಒಂದು ಕಾಲಿನ ಚಪ್ಪಲಿ ಇರಲಿಲ್ಲ. ನೀನು ನಗುತ್ತಿದ್ದೆ.

ಅಮ್ಮ ಬಂದು ನನಗೆ ಸೌಟಿನಿಂದ ಹೊಡೆದಳು. ಏಟು ಬೇಗ ಮರೆತುಹೋಯಿತು, ಆ ತೆರೆದ ಬಾಗಿಲು ಮರೆಯಲಿಲ್ಲ. ಅಂದಿನಿಂದ ಚಿಲಕವನ್ನು ಒಂದು ಸಲ ನೋಡಿದರೆ ನಂಬಿಕೆ ಬರುತ್ತಿರಲಿಲ್ಲ. ಎರಡನೆಯ ಸಲಕ್ಕೂ ಬರುತ್ತಿರಲಿಲ್ಲ. ನೀನು ದೊಡ್ಡವಳಾಗಿ ನಿನ್ನ ಪಾಡಿಗೆ ಬೇರೆ ಮನೆಯಲ್ಲಿದ್ದರೂ ನಾನು ನನ್ನ ಮನೆಯ ಚಿಲಕ ನೋಡುತ್ತಿದ್ದದ್ದು ನೀನು ಒಳಗಿದ್ದೀಯ ಎಂಬ ಲೆಕ್ಕದಲ್ಲೇ.

ಇದೆಲ್ಲ ನಿನ್ನ ಭಾವನಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, ನಾನ್ಯಾಕೆ ಹೀಗೆ ಎಂದು ಅವರು ಕೇಳಿದಾಗ ಅತ್ತುಕೊಂಡು ಹೇಳಿದ್ದೆ. ಅವರೇ ಅಲ್ಲವೇ ನಿನಗೆ ಅದನ್ನು ಮಾಡಿ ತೋರಿಸಿದ್ದು?

ಎರಡನೆಯ ಮುದ್ರಣದಲ್ಲೂ ನೀನು ಇರುವುದಿಲ್ಲ. ಟೇಪುಗಳು ನನ್ನ ಬೀರುವಿನಲ್ಲಿವೆ, ಬೀಗದ ಕೈ ನನ್ನ ಹತ್ತಿರ ಇದೆ. ಮಹಡಿಯಮ್ಮನಿಂದ ನನ್ನದನ್ನೆಲ್ಲ ತೆಗೆದ ಮೇಲೆ ನಿನ್ನದು ಅಂತ ಏನಾದರೂ ಉಳಿಯುತ್ತದೋ ಎಂದು ನೋಡಿದೆ, ಉಳಿಯಲಿಲ್ಲ. ಕೊನೆಯಲ್ಲಿ ಬರುವ ಹೆಸರು ನಿನ್ನದು. ಅದಕ್ಕೇ ಅದನ್ನು ಮುಟ್ಟಲಿಲ್ಲ.

ಪತ್ರಿಕೆಯವರ ಹತ್ತಿರ ಧಾರಾಳವಾಗಿ ಹೋಗು. ಈ ಕಾಗದವನ್ನೂ ತೋರಿಸು. ನಿಮ್ಮ ಕಟ್ಟಡದವರಿಗೂ ಓದಿ ಹೇಳು, ನೀನು ಸುಳ್ಳಿಯಲ್ಲವೆಂದು ಗೊತ್ತಾಗಲಿ. ಸ್ವೆಟರನ್ನು ಅಂಚೆಯಲ್ಲಿ ಕಳಿಸಿಬಿಡು. ಈ ಮನೆಯಲ್ಲಿ ಚಳಿ ಜಾಸ್ತಿ.

ಇಂತು,
ನಿನ್ನ ಅಕ್ಕ

ಬರೆಯಬಾರದೆಂದಿದ್ದೆ, ಬರೆಯುತ್ತೇನೆ: ಒಂದು ಕಂತಿನಲ್ಲಿ ನೀನು ಮೂರನೆಯ ಸಲ ಬಂದು ಅಲ್ಲಾಡಿಸಿದಾಗ ಸೆಟ್ಟಿನ ಚಿಲಕ ಕಿತ್ತು ನಿನ್ನ ಕೈಗೇ ಬಂತು. ಅದು ಯಾರೂ ಬರೆದದ್ದಲ್ಲ. ಮುಂದೇನು ಮಾಡಬೇಕೆಂದು ತೋಚದೆ ನೀನು ನಟನೆ ಮರೆತು ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕಿ ನಕ್ಕುಬಿಟ್ಟೆ. ಕಂಡಕ್ಟರನ ಹೆಗಲ ಮೇಲಿದ್ದ ಮುಖವೇ ಅದು. ಟೇಪಿನಲ್ಲಿ ಅದನ್ನು ನೋಡುವಾಗ ಈ ಎಲ್ಲ ವರ್ಷಗಳಲ್ಲಿ ಮೊದಲ ಸಲ ನನಗೆ ನಿಜವಾಗಿ ನಗು ಬಂತು. ಕತ್ತರಿ ನನ್ನ ಮುಖ ನೋಡಿ, ‘ಇದೊಂದಾದ್ರೂ ಇಟ್ಕೊಳ್ಳೋಣ್ವಾ ಅಮ್ಮ?’ ಎಂದು ಕೇಳಿದ. ಅದನ್ನೂ ತೆಗಿ ಎಂದೆ.