ನೀರಡಿಸಿದಾಗ ಕಲಿತ ಮಾತು

ಅನ್ನಪೂರ್ಣಾ ಟೀಚರ್ ಅವರಿಗೆ ಅಲ್ಮಾಸಳ ತಂದೆಯ ಸಲಾಂ.

‘ವಾಟರ್’ಗೆ ಬೇರೆ ಬೇರೆ ಭಾಷೆಗಳಲ್ಲಿ ಏನೆನ್ನುತ್ತಾರೆಂದು ಬರೆದು ತರಲು ಹೇಳಿದ್ದಿರಿ. ಮಗಳು ಬರೆದ ಪುಟದಲ್ಲಿ ನೀವು ಕೆಂಪು ಪೆನ್ನಿನಿಂದ ‘ಮೊಬೈಲ್ ನೋಡಿ ಬರೆದದ್ದು’ ಎಂದು ಹಾಕಿದ್ದೀರಿ. ‘ಟೀಚರ್‌ಗೆ ಏನೂ ಅನಬ್ಯಾಡ್ರಿ ಅಬ್ಬಾ’ ಎಂದು ಅವಳು ಬೇಡಿಕೊಂಡಳು. ಅನ್ನದೆ ಇರಲಾರೆ.

ಇಪ್ಪತ್ತು ವರ್ಷದಿಂದ ಬೈಲಹೊಂಗಲದ ಹತ್ತಿ ಹೇರಿಕೊಂಡು ಲಾರಿ ಓಡಿಸುತ್ತಿದ್ದೇನೆ. ಇಚಲಕರಂಜಿಯಲ್ಲಿ ಪಾಣಿ, ಗುಂಟೂರಿನಲ್ಲಿ ನೀಳ್ಳು, ಕೊಯಮತ್ತೂರಿನಲ್ಲಿ ತಣ್ಣಿ, ಕಣ್ಣೂರಿನಲ್ಲಿ ವೆಳ್ಳಂ ಎಂದು ಕೇಳಿ ಕುಡಿದವನು ನಾನು. ನೀರಡಿಸಿದಾಗ ಕಲಿತ ಮಾತು ಮರೆಯುವುದಿಲ್ಲ. ಅವಳಿಗೆ ಹೇಳಿಕೊಟ್ಟವನೂ ನಾನೇ.

ಸೋಮವಾರ ಲೋಡ್ ಇಲ್ಲ. ಶಾಲೆಗೆ ಬರುತ್ತೇನೆ, ಮಕ್ಕಳ ಮುಂದೆಯೇ ಕೇಳಿ ನೋಡಿ. ಅಂಕ ಎಷ್ಟಾದರೂ ಕೊಡಿ. ಆ ಕೆಂಪು ಸಾಲನ್ನು ಮಾತ್ರ ಹೊಡೆದುಹಾಕಿ, ‘ತಂದೆಯಿಂದ ಕಲಿತದ್ದು’ ಎಂದು ಬರೆಯಿರಿ.

ಮಹಮ್ಮದಗೌಸ
ಲಾರಿ ಡ್ರೈವರ್, ಮುರಗೋಡ