ಮುಂದಿನ ಹೆಸರು

ಮನೆ, ಕಿಟಕಿ ಪಕ್ಕದ ಮೇಜು
ಶನಿವಾರ, ಇಳಿಹೊತ್ತು

ಪ್ರೀತಿಯ ಪುಟ್ಟಕ್ಕಾ,

ಹಾಗಲ್ಲಮ್ಮಾ, ನಿನ್ನೆ ನಾನು ಹೇಳಲು ಹೊರಟಿದ್ದು ಅದಲ್ಲ. ನೀನು ಪೂರ್ತಿ ಕೇಳಲೇ ಇಲ್ಲ. "ಡಿವಿಷನ್ ವಿಷಯಾನಾ ಅಪ್ಪಾ? ಹಾಗಾದ್ರೆ ಭಾನುವಾರ ಮಾತಾಡೋಣ. ಭಾನುವಾರ ಅದೊಂದು ಬಿಟ್ಟು ಬೇರೆಲ್ಲಾ ಮಾತಾಡೋಣ" ಅಂದವಳೇ ಟಪ್ ಅಂತ ಫೋನ್ ಇಟ್ಟೆ. ಇವತ್ತು ಬೆಳಿಗ್ಗೆಯಿಂದ ಸ್ವಿಚ್ ಆಫ್. ಇರಲಿ, ಮೊದಲು ಕ್ಷೇಮ ಸಮಾಚಾರ. ನಿನ್ನ ಕತ್ತುನೋವು ಹೇಗಿದೆ? ಕಂಪ್ಯೂಟರ್ ಕೆಳಗೆ ಎರಡು ದಪ್ಪ ಡಿಕ್ಷನರಿ ಇಟ್ಟುಕೋ ಅಂದಿದ್ದೆ, ಇಟ್ಟುಕೊಂಡೆಯಾ? ಲೈಬ್ರರಿಯವಳಿಗೆ ಡಿಕ್ಷನರಿಗೇನು ಬರ. ಅಳಿಯಂದಿರು ಸಕ್ಕರೆ ಬಿಟ್ಟರಂತೆ, ಒಳ್ಳೆಯದು. ನನ್ನದೂ ಹದದಲ್ಲಿದೆ. ಈ ಕೋಣೆಯ ಬಲ್ಬ್ ಮಾತ್ರ ನಿನ್ನೆ ರಾತ್ರಿ ಹೋಯಿತು. ಸ್ಟೂಲ್ ಹತ್ತಕೂಡದೆಂದು ನಿನ್ನ ಸ್ಟ್ಯಾಂಡಿಂಗ್ ಆರ್ಡರ್ ಇದೆಯಲ್ಲ, ಹತ್ತಿಲ್ಲ. ಹಾಗಾಗಿ ಬೆಳಕಿರುವಾಗಲೇ ಬರೆದು ಮುಗಿಸಬೇಕು.

ಈ ಕಾಗದ ತಂದವಳು ಸೇತುವೆಗಳ ಇಂಜಿನಿಯರ್. ಈಗ ನನ್ನ ಎದುರಿಗೇ, ನಿಮ್ಮಮ್ಮನ ಕುರ್ಚಿಯ ತುದಿಯಲ್ಲಿ, ಯಾರೋ ಎಬ್ಬಿಸುತ್ತಾರೆ ಅನ್ನುವ ಹಾಗೆ ಕೂತಿದ್ದಾಳೆ. ನಿನ್ನ ವಯಸ್ಸೇ ಇರಬೇಕು. ನಾನು ಮಾಡಿಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿದೆ, ಮುಟ್ಟಿಲ್ಲ. ಕಾರಿನ ಕೀಲಿಯನ್ನು ಬೆರಳಿಗೆ ಹಾಕಿ ತಿರುಗಿಸುತ್ತಲೇ ಇದ್ದಾಳೆ. "ಸರ್, ನಾಲ್ಕು ಸಾಲು ಸಾಕಲ್ವಾ? ದಾರಿ ಬಹಳ ಇದೆ" ಅಂತ ಆಗಲೇ ಕೇಳಿಯಾಯಿತು. ನನ್ನ ಮಗಳು ನಾಲ್ಕು ಸಾಲಿಗೆ ಬಾಗಿಲು ತೆಗೆಯುವವಳಲ್ಲಮ್ಮ, ನೀನು ಚಹಾ ಕುಡಿ ಅಂದೆ.

ನಮ್ಮ ಹೊಳೆಯ ಹಳೇ ಕಬ್ಬಿಣದ ಸೇತುವೆ ನಿನಗೆ ಗೊತ್ತು. ಸ್ಕೂಲಿಗೆ ಹೋಗುವಾಗ ನೀನು ಒಂದೊಂದು ರಿವೆಟ್ಟನ್ನೂ ಮುಟ್ಟಿಕೊಂಡೇ ಬರುತ್ತಿದ್ದೆ. ನಿಮ್ಮಮ್ಮ "ಇವಳನ್ನ ದಾಟಿಸೋಷ್ಟರಲ್ಲಿ ಬೆಲ್ ಹೊಡೆದಿರುತ್ತೆ" ಅಂತ ಕೂಗಾಡುತ್ತಿದ್ದಳು. ಅದರ ಕೆಳಗಿನ ತೊಲೆಯಲ್ಲಿ ಬಿರುಕು ಬಿಟ್ಟಿದೆ. ಈಗ ಮುಚ್ಚಿದ್ದಾರೆ. ಆಸ್ಪತ್ರೆಗೆ ಹೋಗುವವರು, ಶಾಲೆ ಮಕ್ಕಳು ಎಲ್ಲ ಊರು ಸುತ್ತಿ ಹೋಗುತ್ತಿದ್ದಾರೆ, ಬೈಗುಳವೆಲ್ಲ ಈ ಹೆಣ್ಣುಮಗಳ ತಲೆಗೆ. ಮೇಲಿನವರದು ಒಂದೇ ಹಟ: ಸೋಮವಾರ ಬೆಳಿಗ್ಗೆ ವೆಲ್ಡಿಂಗ್ ಮಾಡಿಸು, ಸಂಜೆ ತೆರೆ. ಇವಳು ಬೇಡ ಅನ್ನುತ್ತಾಳೆ. ಆ ಕಾಲದ ಉಕ್ಕಿನಲ್ಲಿ ಎರಡು ಬಗೆ ಇತ್ತಂತೆ. ಒಂದು ಬಗೆಗೆ ಬೆಸುಗೆ ಒಗ್ಗುವುದಿಲ್ಲ. "ಬೆಸುಗೆ ಪಕ್ಕದಲ್ಲೇ ಒಳಗೊಳಗೇ ಒಡೆಯುತ್ತೆ ಸರ್. ಮೇಲಿಂದ ನೋಡಿದ್ರೆ ಚೆನ್ನಾಗೇ ಕಾಣ್ತಿರುತ್ತೆ. ಆಮೇಲೊಂದಿನ ಜನ ಮೇಲಿರುವಾಗಲೇ ಹೋಗುತ್ತೆ" ಅಂದಳು. ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಿದರೆ ಉತ್ತರ ಬರುವುದು ವಾರ ಕಳೆದ ಮೇಲೆ. ಅವಳ ಸಾಹೇಬರು "ನಿನ್ನ ಹೆದರಿಕೇನ ಫೈಲಿಗೆ ಹಾಕೋಕಾಗಲ್ಲ, ಕಾಗದ ಇದ್ರೆ ತಾ" ಅಂದರಂತೆ. ತೊಲೆಯ ಮೇಲೆ ಉಕ್ಕಿನ ಗುರುತು ಅಚ್ಚಾಗಿದೆ. ಆ ಗುರುತಿನ ಅರ್ಥ ಇರುವುದು ಉಕ್ಕಿನ ಸ್ಟ್ಯಾಂಡರ್ಡ್ ಅನ್ನುವ ನಿಯಮಗಳ ಪುಸ್ತಕದ ಮೊದಲ ಆವೃತ್ತಿಯಲ್ಲಿ ಮಾತ್ರ. ಈಗಿನದರಲ್ಲಿ ಆ ಪುಟವೇ ಇಲ್ಲ. ಆ ಪುಸ್ತಕ ಅಚ್ಚು ಹಾಕಿಸಿದ ಕಚೇರಿಯವರನ್ನು ಕೇಳಿದರೆ, ಹಳೆಯದು ನಮ್ಮಲ್ಲಿಲ್ಲ, ಹೊಸದು ಕೊಡಲೇ ಅನ್ನುತ್ತಾರೆ.

ಹೀಗೆ ಕೇಸು ನಮ್ಮ ಡಿವಿಷನ್ನಿಗೆ ಬಂತು. ಲೈಬ್ರರಿಯನ್ನರ ಅಸೋಸಿಯೇಷನ್ನಿನಲ್ಲಿ ಮೆಡಿಕಲ್ ಲೈಬ್ರರಿಯವರ ಡಿವಿಷನ್ನಿಗೆ ಆಫೀಸಿದೆ, ಗುಮಾಸ್ತನಿದ್ದಾನೆ, ವರ್ಷಕ್ಕೊಂದು ಗ್ರೂಪ್ ಫೋಟೋ ಇದೆ. ಇಂಜಿನಿಯರಿಂಗ್ ಲೈಬ್ರರಿಯವರಿಗೆ ಇರುವುದು ನಮ್ಮ ಊಟದ ಮೇಜು ಮತ್ತು ನಾನು, ರಿಟೈರಾದ ಮೇಲೂ ಯಾರೂ ಬಿಡುಗಡೆ ಮಾಡದ ಅಧ್ಯಕ್ಷ. ಸರ್ಕ್ಯುಲರ್ ಮಡಚಿ ಮಡಚಿ ಸಾಕಾಗಿ ನಿಮ್ಮಮ್ಮ "ಇದೇನು ಡಿವಿಷನ್ನೋ ಮನೆ ಪಾಲೋ, ನನ್ನ ಪಾಲಿಗಂತೂ ಗೋಂದೇ ಬಂತು" ಅನ್ನುತ್ತಿದ್ದಳು. ಆದರೆ ನಮ್ಮಲ್ಲಿ ಒಂದು ರೂಲಿದೆ, ಮೆಡಿಕಲ್‌ನವರಲ್ಲಿ ಇಲ್ಲ. ಯಾರೇ ಏನೇ ಕೇಳಲಿ, ನಮ್ಮವರು "ಇಲ್ಲ" ಅಂದು ಫೋನ್ ಇಡುವ ಹಾಗಿಲ್ಲ. ಸದಸ್ಯರ ಪಟ್ಟಿಯಲ್ಲಿ ತನ್ನ ಮುಂದಿನ ಹೆಸರು ಹೇಳಬೇಕು, ತಾನೇ ಅವರಿಗೆ ಫೋನ್ ಮಾಡಿ ಪ್ರಶ್ನೆ ದಾಟಿಸಬೇಕು. ಐ ಹ್ಯಾವ್ ದ ಆನರ್ ಟು ಫಾರ್ವರ್ಡ್... ಮುಂದೇನೋ ಇತ್ತು, ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು. ನನ್ನ ಇಂಗ್ಲಿಷ್ ಯಾವಾಗಲೂ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ.

ನಿನ್ನೆಯಿಂದ ಪ್ರಶ್ನೆ ಸುತ್ತುತ್ತಿದೆ. ಪಾಲಿಟೆಕ್ನಿಕ್ ಮೇಡಂ, "ಇತ್ತು ಸರ್. ಹೊಸದು ಬಂದ ಮೇಲೆ ರದ್ದು ಅಂತ ಸೀಲ್ ಹೊಡೆದು ತೂಕಕ್ಕೆ ಹಾಕಿದ್ವಿ." ಸಿಮೆಂಟ್ ಕಾರ್ಖಾನೆಯವರು, "ಸೀಲ್ ಹೊಡೆದು ಹಾಕಿದ್ವಿ." ವಿದ್ಯುತ್ ಕಚೇರಿಯ ಲೈಬ್ರರಿಯಲ್ಲಂತೂ ಸೀಲೇ ಸವೆದು ಹೋಗಿದೆಯಂತೆ, ಅಷ್ಟು ಶ್ರದ್ಧೆಯಿಂದ ಹೊಡೆದಿದ್ದಾರೆ! ಬೇರೆ ಯಾವ ಲೈಬ್ರರಿಯವರೂ ಹೀಗೆ ಮಾಡುವುದಿಲ್ಲ. ಕಥೆ ಪುಸ್ತಕ ಹಳತಾದರೆ ರಟ್ಟು ಹಾಕಿ ಇಟ್ಟುಕೊಳ್ಳುತ್ತಾರೆ. ನಾವು ಮಾತ್ರ, ಯಾರೋ ಹಳೇ ಲೆಕ್ಕ ನೋಡಿ ಹೊಸ ಕಟ್ಟಡ ಕಟ್ಟಿಬಿಟ್ಟರೆ ಅನ್ನುವ ಭಯಕ್ಕೆ, ಹಳತನ್ನು ಮನೆಯಲ್ಲೇ ಇರಗೊಡುವುದಿಲ್ಲ. ಹಳೇ ಕಟ್ಟಡ ನಿಂತೇ ಇರುತ್ತದಲ್ಲ, ಅದಕ್ಕೇನು ಗತಿ ಅಂತ ಯಾರೂ ಕೇಳಲಿಲ್ಲ.

ಒಬ್ಬಳು ಕೇಳಿದ್ದಳು. ನೀನೇ. ಹೋದ ವರ್ಷದ ಮೀಟಿಂಗಿನಲ್ಲಿ ಎದ್ದು ನಿಂತು, ಒಂದೊಂದು ಲೈಬ್ರರಿ ಒಂದೊಂದು ವಿಷಯದ ಹಳೇ ಆವೃತ್ತಿ ಇಟ್ಟುಕೊಳ್ಳಲಿ ಅಂದೆ. ರೈಲ್ವೆ ವರ್ಕ್‌ಶಾಪಿನ ಮೀಸೆ ಸಾಹೇಬರು "ಗುಜರಿ ಅಂಗಡಿ ಇಡೋಣ್ವಾ ಮೇಡಂ?" ಅಂದರು, ಎಲ್ಲರೂ ನಕ್ಕರು, ಕೈ ಎತ್ತಿಸಿದಾಗ ನಿನ್ನದೊಂದೇ ಕೈ. ನಾನು ಬೆಲ್ ಹೊಡೆದು ನೆಕ್ಸ್ಟ್ ಐಟಂ ಅಂದೆ. ಅಧ್ಯಕ್ಷನಾದವನು ಬೆಲ್ ಹೊಡೆಯಲೇಬೇಕಮ್ಮಾ, ಮಗಳಿಗೆ ಬೇರೆ ಬೆಲ್ ಇಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ, ನೀನು ಮುಖ ಊದಿಸಿಕೊಂಡರೂ ಸರಿ. ಮರುವಾರವೇ ನಿನ್ನ ಮೆಂಬರ್‌ಶಿಪ್ ಕಾರ್ಡು ವಾಪಸು ಬಂತು. ಆಮೇಲೆ ನಮ್ಮ ಭಾನುವಾರದ ಒಪ್ಪಂದ: ಕತ್ತುನೋವು, ಹವಾಮಾನ, ಅಳಿಯಂದಿರ ಸಕ್ಕರೆ. ಡಿವಿಷನ್ ಇಲ್ಲ.

ಇವತ್ತು ಮಧ್ಯಾಹ್ನ ಪ್ರಶ್ನೆ ಮೀಸೆ ಸಾಹೇಬರ ಹತ್ತಿರ ಹೋಯಿತು. ಅವರೂ ತೂಕಕ್ಕೆ ಹಾಕಿದ್ದಾರೆ. ನನಗೇ ಫೋನ್ ಮಾಡಿದರು, ಎಂದೂ ಇಲ್ಲದ ಸಣ್ಣ ದನಿ. "ಸರ್, ಪಟ್ಟಿಯಲ್ಲಿ ನನ್ನ ಮುಂದಿನ ಹೆಸರು ನಿಮ್ಮ ಮಗಳದ್ದು. ಯಾವ ಮುಖ ಇಟ್ಟುಕೊಂಡು ಫೋನ್ ಮಾಡ್ಲಿ?" ನಾನು ನಗಲಿಲ್ಲ ಪುಟ್ಟಕ್ಕಾ. ನಗಬೇಕು ಅನ್ನಿಸಿತು ನೋಡು, ಆದರೆ ಈ ಹುಡುಗಿ ಎದುರಿಗೇ ನಿಂತಿದ್ದಳು. "ಇನ್ನೆಷ್ಟು ಜನ ಬಾಕಿ ಸರ್?" ಅಂದಳು. ಒಬ್ಬಳು ಅಂದೆ.

ಆಗ ನನಗೆ ಟ್ರಂಕ್ ನೆನಪಾಯಿತು. ಕಾರ್ಡು ಕಳಿಸಿದ ತಿಂಗಳೇ ನೀನು ಬಂದು, ನಿಮ್ಮಮ್ಮನ ದೊಡ್ಡ ಟ್ರಂಕ್ ಕೇಳಿದೆ. ಅವಳ ಬಟ್ಟೆಗೋಸ್ಕರ, ನೆನಪಿಗೆ ಅಂದುಕೊಂಡು ನನ್ನ ಕಣ್ಣು ಒದ್ದೆಯಾಯಿತು. ನೀನೋ, ಬಟ್ಟೆಯನ್ನೆಲ್ಲ ಮಂಚದ ಮೇಲೆ ಒಪ್ಪವಾಗಿ ಜೋಡಿಸಿಟ್ಟು, ಬರೀ ಟ್ರಂಕ್ ಎತ್ತಿಸಿಕೊಂಡು ಹೋದೆ. "ಇದಕ್ಕೆ ಗೆದ್ದಲು ಹಿಡಿಯಲ್ಲ ಅಪ್ಪಾ" ಅಂದದ್ದಷ್ಟೇ. ಅದರಲ್ಲಿ ಏನಿಟ್ಟಿದ್ದೀಯೆಂದು ನಾನು ಕೇಳಿಲ್ಲ. ಒಪ್ಪಂದದ ಪ್ರಕಾರ ಕೇಳುವ ಹಾಗೂ ಇರಲಿಲ್ಲ. ಇಂಜಿನಿಯರಿಗೆ ಆಸೆ ಹುಟ್ಟಿಸಿಲ್ಲ. ಟ್ರಂಕಿನಲ್ಲಿ ಬರೀ ಹೊದಿಕೆಯೇ ಇರಬಹುದು, ಹಳೇ ಪಾತ್ರೆಯೇ ಇರಬಹುದು. ಹಾಗೇ ಆದರೆ ಸೋಮವಾರ ವೆಲ್ಡಿಂಗಿನವರು ಬರುತ್ತಾರೆ, ಇವಳು ಪಕ್ಕದಲ್ಲಿ ನಿಂತು ನೋಡಬೇಕು.

ಈಗ ಎದ್ದು ಬಾಗಿಲಿಗೆ ಹೋದಳು. ಗಾಡಿ ಸ್ಟಾರ್ಟ್ ಮಾಡಿಟ್ಟು ಬರುತ್ತಾಳಂತೆ. ಹೇಳಬೇಕಾದ್ದು ಇನ್ನೂ ಹೇಳಿಯೇ ಇಲ್ಲ, ಆಗಲೇ ಸಾಲಿನ ಮೇಲೆ ಸಾಲು ಹತ್ತುತ್ತಿದೆ, ಪೆನ್ನಿನ ತುದಿ ಎಲ್ಲಿದೆ ಅನ್ನುವುದೇ ಕಾಣದು. ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿನ್ನ ಕತ್ತಿಗೂ ನಿನಗೂ ನನ್ನ ಆಶೀರ್ವಾದ. ಈ ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮೊದಲು ಅವಳಿಗೇನಾದರೂ ಬಡಿಸು.

ನಿನ್ನ ಒಬೀಡಿಯಂಟ್ ಫಾದರ್,
ಅಪ್ಪ

ತಾ.ಕ.: ಬಾಗಿಲಲ್ಲಿ ನಿಂತು ಬರೆಯುತ್ತಿದ್ದೇನೆ. ಕಾರ್ಡು ನೀನು ಕಳಿಸಿದ್ದು ನಿಜ, ಪಟ್ಟಿಯಿಂದ ನಿನ್ನ ಹೆಸರು ನಾನು ತೆಗೆದಿಲ್ಲ. ಪುಸ್ತಕ ಟ್ರಂಕಿನಲ್ಲಿದ್ದರೆ ಇವಳ ಕೈಗೆ ಕೊಡು. ಅಪ್ಪ ಕೇಳಿದ ಅಂತ ಬೇಡ, ನಿನ್ನ ಆ ಒಂದು ಕೈ ಸರಿಯಾಗಿತ್ತು ಅಂತ ಕೊಡು. ಇರದಿದ್ದರೆ "ಇಲ್ಲ" ಅಂದು ಬಾಗಿಲು ಹಾಕಬೇಡ, ರೂಲ್ ರೂಲೇ, ಮುಂದಿನ ಹೆಸರಿಗೆ ನೀನೇ ಫೋನ್ ಮಾಡಬೇಕು. ಪಟ್ಟಿಯಲ್ಲಿ ಕೊನೆಯ ಹೆಸರು ನಿನ್ನದು. ಅದರ ಮುಂದೆ ಮತ್ತೆ ಮೊದಲಿನದು, ನನ್ನದು. ಫೋನ್ ಪಕ್ಕದಲ್ಲೇ ಕೂತಿರುತ್ತೇನೆ, ಕತ್ತಲಾದರೂ ನಂಬರ್ ಒತ್ತುವ ಕೆಲಸ ನನಗಿಲ್ಲವಲ್ಲ.